ಎಲ್ಲ ಬದಲಾದರೂ ಉಳಿದುಕೊಂಡ ಲ್ಯಾಮಿವುಡಿನ್

ನನ್ನ ಎಚ್‌ಐವಿ ಚಿಕಿತ್ಸೆಯ ವಿವರ ಬರೆದಿಡುವ ಹಸಿರು ಪುಸ್ತಕವನ್ನು ಮೊದಲಿನಿಂದ ತಿರುವಿದರೆ ನಾಲ್ಕು ಹೆಸರು ಸಿಗುತ್ತವೆ. ಎಸ್‌ಎಲ್‌ಎನ್. ಆಮೇಲೆ ಝಡ್‌ಎಲ್‌ಎನ್. ಆಮೇಲೆ ಟಿಎಲ್‌ಇ. ಈಗ ಟಿಎಲ್‌ಡಿ. ಎಆರ್‌ಟಿ ಸೆಂಟರಿಗೆ, ಅಂದರೆ ಎಚ್‌ಐವಿ ಔಷಧಿ ಕೊಡುವ ಕೇಂದ್ರಕ್ಕೆ, ಹೋಗಿ ಬರುವವರಿಗೆ ಇವೆಲ್ಲ ಬಾಯಿಪಾಠ. ಒಂದೊಂದು ಅಕ್ಷರವೂ ಒಂದೊಂದು ಔಷಧಿ, ಮೂರೂ ಸೇರಿ ಒಂದು ಮಾತ್ರೆ. ಇಷ್ಟು ವರ್ಷದಲ್ಲಿ ಮೊದಲನೆಯದು ಬದಲಾಯಿತು, ಮೂರನೆಯದು ಬದಲಾಯಿತು. ನಡುವೆ ಕೂತಿರುವ ‘ಎಲ್’ ಮಾತ್ರ 2008ರಿಂದ ಇವತ್ತಿನವರೆಗೆ ಜಾಗ ಬಿಟ್ಟು ಕದಲಿಲ್ಲ. ಅದು ಲ್ಯಾಮಿವುಡಿನ್.

ಬಹಳ ಕಾಲ ನಾನು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಕಾಟ ಕೊಡುವ ಔಷಧಿಯ ಹೆಸರು ನೆನಪಿರುತ್ತದೆ. ತನ್ನ ಪಾಡಿಗೆ ಕೆಲಸ ಮಾಡಿಕೊಂಡು ಹೋಗುವುದನ್ನು ಯಾರು ವಿಚಾರಿಸುತ್ತಾರೆ, ಅಲ್ವಾ?

ನನ್ನದು ಮಧ್ಯ ಕರ್ನಾಟಕದ ಒಂದು ಊರು. ಹೆಸರು ಬರೆಯುವುದಿಲ್ಲ, ಬರೆದರೆ ಮನೆಯವರಿಗೆ ಕಷ್ಟ. ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ದಿನವೆಲ್ಲ ಅಕ್ಷರ ನೋಡುವ ಕೆಲಸ, ಅದರಿಂದಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ. ಮಾತ್ರೆ ಡಬ್ಬಿಯ ಮೇಲಿನ ಸಣ್ಣಕ್ಷರವನ್ನೂ ಬಿಡುವುದಿಲ್ಲ. ಲ್ಯಾಮಿವುಡಿನ್ ಕಥೆ ನನಗೆ ತಿಳಿದದ್ದು ಅರ್ಧ ಈ ಚಟದಿಂದ, ಇನ್ನರ್ಧ ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳದ ಇಬ್ಬರು ಡಾಕ್ಟರುಗಳಿಂದ.

ನಾನು ಚಿಕಿತ್ಸೆಗೆ ಸೇರಿದ ಕಾಲದಲ್ಲಿ ಪಾಸಿಟಿವ್ ಅಂದ ಕೂಡಲೇ ಮಾತ್ರೆ ಕೊಡುತ್ತಿರಲಿಲ್ಲ. ಸಿಡಿ4, ಅಂದರೆ ರೋಗ ತಡೆಯುವ ಬಿಳಿ ರಕ್ತಕಣಗಳ ಲೆಕ್ಕ, ಕೆಳಗಿಳಿಯಬೇಕಿತ್ತು, ಇಲ್ಲವೇ ಕಾಯಿಲೆಯ ಲಕ್ಷಣ ಕಾಣಿಸಬೇಕಿತ್ತು. ಪಾಸಿಟಿವ್ ಬಂದ ಎಲ್ಲರಿಗೂ ಚಿಕಿತ್ಸೆ ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2017ರಲ್ಲಿ. ನನ್ನದು ಆಗಲೇ ಸಾಕಷ್ಟು ಇಳಿದಿತ್ತು, ರಕ್ತವೂ ಕಮ್ಮಿ ಇತ್ತು. ಹಿಮೋಗ್ಲೋಬಿನ್ ಕಮ್ಮಿ ಇದ್ದವರಿಗೆ ಝಿಡೊವುಡಿನ್ ಆಗಿಬರುವುದಿಲ್ಲ ಅಂತ ಸ್ಟಾವುಡಿನ್ ಇರುವ ಎಸ್‌ಎಲ್‌ಎನ್ ಬರೆದರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಮೊದಲ 14 ದಿನ ಮಾತ್ರ ಒಂದು ಹೊತ್ತಿನ ಮಾತ್ರೆಯಲ್ಲಿ ಮೂರನೆಯದಾದ ನೆವಿರಪಿನ್ ಇರುವುದಿಲ್ಲ. ಒಮ್ಮೆಲೇ ಪೂರ್ತಿ ಡೋಸ್ ಕೊಟ್ಟರೆ ಮೈಮೇಲೆ ದದ್ದು ಏಳುವ ಭಯ. ಹಾಗಾಗಿ ಎರಡು ಬೇರೆ ಡಬ್ಬಿ ಕೊಟ್ಟು, ಒಂದರ ಮುಚ್ಚಳದ ಮೇಲೆ ಪೆನ್ನಿನಲ್ಲಿ ಸೂರ್ಯ, ಇನ್ನೊಂದರ ಮೇಲೆ ಚಂದ್ರನನ್ನು ಬರೆದು ಕೊಟ್ಟಿದ್ದರು.

ಕೌನ್ಸೆಲರ್ ಮೇಡಂ ಹೇಳಿದ್ದು ಒಂದೇ ಮಾತು. “ನೋಡಪ್ಪಾ, ಊಟ ಬಿಟ್ರೂ ಗುಳಿಗೆ ಬಿಡಬೇಡ.” ಯಾಕೆ ಮೂರು ಔಷಧಿ, ಒಂದು ಸಾಲದೇ ಅಂತ ನಾನು ಕೇಳಿದ್ದೆ. “ಒಂದಕ್ಕೆ ಅದು ಬಗ್ಗಲ್ಲ” ಅಂದಿದ್ದರು. ಅಷ್ಟರ ಮಟ್ಟಿಗೆ ಅದು ಸರಿಯಾದ ಉತ್ತರವೇ. 1987ರಲ್ಲಿ ಅಮೆರಿಕಾದಲ್ಲಿ ಎಚ್‌ಐವಿಗೆ ಮೊದಲ ಔಷಧಿಯಾಗಿ ಝಿಡೊವುಡಿನ್‌ಗೆ ಒಪ್ಪಿಗೆ ಸಿಕ್ಕಿತು. ಒಂದೇ ಔಷಧಿಯಿಂದ ವೈರಸ್ಸು ಸ್ವಲ್ಪ ಕಾಲ ತಗ್ಗಿ ಮತ್ತೆ ಎದ್ದು ಕೂರುತ್ತಿತ್ತು. ಮೂರನ್ನು ಒಟ್ಟಿಗೆ ಕೊಟ್ಟರೆ ಏಳುವುದಿಲ್ಲ ಅನ್ನುವುದು ಗಟ್ಟಿಯಾದದ್ದು 1996ರ ಸುಮಾರಿಗೆ. ಲ್ಯಾಮಿವುಡಿನ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು ಅದಕ್ಕೆ ಸ್ವಲ್ಪ ಮುಂಚೆ, 1995ರ ನವೆಂಬರಿನಲ್ಲಿ. ಅದೂ ಒಂಟಿಯಾಗಿ ಅಲ್ಲ, ಝಿಡೊವುಡಿನ್ ಜೊತೆಗೆ ಕೊಡಬೇಕು ಅಂತ.

ಔಷಧಿಗಳು ಒಂದೊಂದಾಗಿ ಬದಲಾಗುತ್ತಾ ಹೋದಾಗ ನನಗೆ ಗೊತ್ತಿಲ್ಲದೆಯೇ ಒಂದು ಪರೀಕ್ಷೆ ನಡೆದಂತಾಯಿತು. ಎಸ್‌ಎಲ್‌ಎನ್ ನುಂಗುತ್ತಿದ್ದಾಗ ಅಂಗಾಲು ಉರಿಯುತ್ತಿತ್ತು. ರಾತ್ರಿ ಹೊದಿಕೆ ತಾಗಿದರೂ ಕಾಲು ಎಳೆದುಕೊಳ್ಳುತ್ತಿದ್ದೆ. ಕೆನ್ನೆ ಒಳಗೆ ಹೋಯಿತು. ಅಂಗಡಿಗೆ ಬಂದವರು “ಏನ್ ಗುರೂ, ಶುಗರ್ರಾ?” ಅಂತ ಕೇಳುತ್ತಿದ್ದರು. ಹೌದು ಅಂದುಬಿಡುತ್ತಿದ್ದೆ, ಅದೇ ಸುಲಭ. ಇದು ಸ್ಟಾವುಡಿನ್ ಕೆಲಸ ಅಂತ ಆಮೇಲೆ ತಿಳಿಯಿತು. ಅದನ್ನು ಕೈಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿತ್ತು. ನಮ್ಮಲ್ಲಿ ನಿಧಾನಕ್ಕೆ ಹೋಯಿತು.

ಝಡ್‌ಎಲ್‌ಎನ್‌ಗೆ ಹಾಕಿದ ಮೇಲೆ ಉರಿ ತಗ್ಗಿತು. ಆದರೆ ಉಗುರಿಗೆ ಕಪ್ಪು ಗೆರೆ ಬಂತು. ಮೊದಲು ಹೆಬ್ಬೆರಳು, ಆಮೇಲೆ ಎಲ್ಲ ಬೆರಳು. ಪ್ರಿಂಟರ್ ಇಂಕಿನ ಕೆಲಸ ಮಾಡುವವನಿಗೆ ಇದರಿಂದ ಮರ್ಯಾದೆಯೇನೂ ಹೋಗಲಿಲ್ಲ, ಎಲ್ಲರೂ ಮಸಿ ಅಂತಲೇ ತಿಳಿದರು. ಕೆಲ ವರ್ಷದ ಮೇಲೆ ಹಿಮೋಗ್ಲೋಬಿನ್ ಮತ್ತೆ ಜಾರತೊಡಗಿತು. ಇವೆರಡೂ ಝಿಡೊವುಡಿನ್‌ನದು. ಆಮೇಲೆ ಟಿಎಲ್‌ಇ. ದಿನಕ್ಕೆ ಒಂದೇ ಮಾತ್ರೆ, ಮಲಗುವಾಗ. ಅದರಲ್ಲಿರುವ ಎಫವಿರೆಂಜ್ ಕೊಡುವ ಕನಸುಗಳ ಬಗ್ಗೆ ಬೇರೆಯೇ ಬರೆಯಬಹುದು. ಸತ್ತ ಸೋದರಮಾವ ಬಂದು ಅಂಗಡಿ ಬಾಡಿಗೆ ಕೇಳುತ್ತಿದ್ದರು. ಟಿಎಲ್‌ಡಿಗೆ ಬದಲಾದ ಮೇಲೆ ಮಾವನೂ ನಿಂತರು, ಬೆಳಗಿನ ಮಂಪರೂ ನಿಂತಿತು.

ಈ ದೂರುಗಳಲ್ಲಿ ಯಾವುದನ್ನೂ ಲ್ಯಾಮಿವುಡಿನ್ ತಲೆಗೆ ಕಟ್ಟಲು ಆಗುವುದಿಲ್ಲ. ಅದರದ್ದೇ ಆಗಿದ್ದರೆ ಪ್ರತಿ ಬದಲಾವಣೆಯಲ್ಲೂ ಆ ಕಾಟ ಮುಂದುವರಿಯಬೇಕಿತ್ತು. ಒಂದೂ ಮುಂದುವರಿಯಲಿಲ್ಲ. ಈ ಲೆಕ್ಕ ಹೊಳೆದ ದಿನದಿಂದ ಅದರ ಬಗ್ಗೆ ಕುತೂಹಲ ಶುರುವಾಯಿತು. ವೈರಸ್ಸಿಗೆ ಕಾಟ ಕೊಡುತ್ತದೆ, ನನಗೆ ಕೊಡುವುದಿಲ್ಲ. ಅದು ಹೇಗೆ?

ಆಗ ನಮ್ಮ ಸೆಂಟರಿನಲ್ಲಿದ್ದ ಡಾಕ್ಟರು ಸ್ವಲ್ಪ ಮೇಷ್ಟ್ರ ಥರ. ಜನ ಕಮ್ಮಿ ಇದ್ದ ಒಂದು ಮಧ್ಯಾಹ್ನ ಕೇಳಿದೆ. ಅವರು ನನ್ನ ಹಸಿರು ಪುಸ್ತಕವನ್ನು ಮಗುಚಿ, ಹಿಂದಿನ ರಟ್ಟಿನ ಮೇಲೆ ಸಾಲಾಗಿ ಚೌಕ ಬರೆದರು. ಚೌಕದಿಂದ ಚೌಕಕ್ಕೆ ಒಂದು ಕೊಕ್ಕೆ.

“ಇದು ರೈಲು ಅಂದ್ಕೊಳ್ಳಿ. ವೈರಸ್ಸು ತನ್ನ ಮಾಹಿತಿಯನ್ನ ಆರ್‌ಎನ್‌ಎ ರೂಪದಲ್ಲಿ ಇಟ್ಕೊಂಡಿರುತ್ತೆ. ನಮ್ಮ ಜೀವಕೋಶದ ಒಳಗೆ ಬಂದ ಮೇಲೆ ಅದನ್ನ ಡಿಎನ್‌ಎ ಆಗಿ ನಕಲು ಮಾಡ್ಕೋಬೇಕು. ಆ ಕೆಲಸಕ್ಕೆ ಅದರ ಹತ್ರ ಒಂದು ಕಿಣ್ವ ಇದೆ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಅದು ಒಂದೊಂದೇ ಬೋಗಿ ತಂದು ಸೇರಿಸ್ತಾ ಹೋಗುತ್ತೆ. ಎ, ಟಿ, ಜಿ, ಸಿ, ನಾಲ್ಕೇ ಥರ ಬೋಗಿ. ಲ್ಯಾಮಿವುಡಿನ್ ನೋಡೋಕೆ ‘ಸಿ’ ಥರಾನೇ ಇದೆ. ಕಿಣ್ವ ಮೋಸ ಹೋಗಿ ಅದನ್ನ ಸೇರಿಸ್ಕೊಳ್ಳುತ್ತೆ. ಮುಂದಿನ ಕೊಕ್ಕೆ ಸರಿಯಾಗಿ ಕೂರುತ್ತೆ. ಹಿಂದೆ ಕೊಕ್ಕೇನೇ ಇಲ್ಲ.”

ಕೊನೆಯ ಚೌಕದ ಹಿಂದೆ ಪೆನ್ನು ಕುಟ್ಟಿ ನಿಲ್ಲಿಸಿದರು. “ಮುಂದಿನ ಬೋಗಿ ಎಲ್ಲಿಗೆ ಹಾಕುತ್ತೆ?”

ಆ ಚಿತ್ರ ಇನ್ನೂ ಪುಸ್ತಕದ ಹಿಂದೆ ಇದೆ. ಡೇಟಾ ಬರೆಯುವ ಹುಡುಗ ಇದೇನು ಅಂತ ಒಮ್ಮೆ ಗದರಿದ್ದ. ಡಾಕ್ಟರ್ ಬರೆದದ್ದು ಅಂದೆ, ಸುಮ್ಮನಾದ.

ಆ ಇಲ್ಲದ ಕೊಕ್ಕೆಯ ಗುಟ್ಟನ್ನು ಆಮೇಲೆ ಓದಿ ತಿಳಿದುಕೊಂಡೆ. ಡಿಎನ್‌ಎಯ ಪ್ರತಿ ಘಟಕದಲ್ಲೂ ಒಂದು ಸಕ್ಕರೆ ಉಂಗುರ ಇರುತ್ತದೆ. ಮುಂದಿನದು ಅಂಟಿಕೊಳ್ಳುವುದು ಆ ಉಂಗುರದ 3ನೇ ಇಂಗಾಲಕ್ಕಿರುವ ಒಂದು ಆಮ್ಲಜನಕ-ಜಲಜನಕದ ಜೋಡಿಗೆ. ಲ್ಯಾಮಿವುಡಿನ್‌ನಲ್ಲಿ ಆ ಇಂಗಾಲದ ಜಾಗದಲ್ಲಿ ಗಂಧಕ ಕೂತಿದೆ. ಗಂಧಕಕ್ಕೆ ಆ ಜೋಡಿ ಇಲ್ಲ. ಅಲ್ಲಿಗೆ ಸರಪಳಿ ಮುಗಿಯಿತು. ಈ ಗಂಧಕದ ಉಪಾಯ ಹೊಳೆದದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ, ಬರ್ನಾರ್ಡ್ ಬೆಲ್ಲೋ ಮತ್ತು ಅವರ ಸಂಗಡಿಗರಿಗೆ. ಬೆಲ್ಲೋ 1989ರಲ್ಲೇ ತೀರಿಕೊಂಡರು. ತಮ್ಮ ಔಷಧಿ ಮಾರುಕಟ್ಟೆಗೆ ಬಂದದ್ದನ್ನು ನೋಡಲಿಲ್ಲ.

ಅವರು ಮೊದಲು ಮಾಡಿದ್ದು ಎರಡು ರೂಪಗಳ ಮಿಶ್ರಣ. ಎರಡೂ ಒಂದೇ ವಸ್ತು, ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಬೇರ್ಪಡಿಸಿ ನೋಡಿದಾಗ ಒಂದು ರೂಪ ನಮ್ಮ ಜೀವಕೋಶಕ್ಕೆ ಹೆಚ್ಚು ವಿಷ, ಇನ್ನೊಂದು ಬಹಳ ಕಮ್ಮಿ. ತಮಾಷೆ ಏನೆಂದರೆ, ಒಳ್ಳೆಯದಾಗಿ ಬಂದದ್ದು ನಮ್ಮ ದೇಹದಲ್ಲಿ ಸಹಜವಾಗಿ ಇರುವ ಘಟಕಗಳಿಗೆ ಉಲ್ಟಾ ಇರುವ ರೂಪ. ವೈರಸ್ಸಿನ ಕಿಣ್ವ ಅದನ್ನೂ ಎತ್ತಿಕೊಳ್ಳುತ್ತದೆ. ನಮ್ಮ ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ನಕಲು ಕಿಣ್ವ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಸ್ಟಾವುಡಿನ್ ಅಲ್ಲೇ ಕೈ ಹಾಕುತ್ತಿತ್ತು, ಅದಕ್ಕೇ ನನ್ನ ಅಂಗಾಲು ಉರಿದದ್ದು. ನನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಿಕ್ಕಿಲ್ಲ.

ಇನ್ನೊಂದು ಸಣ್ಣ ಗೊಂದಲವೂ ಇತ್ತು. ಎಸ್‌ಎಲ್‌ಎನ್‌ನಲ್ಲಿ ಲ್ಯಾಮಿವುಡಿನ್ 150 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಟಿಎಲ್‌ಇಯಲ್ಲಿ 300, ಒಂದೇ ಸಲ. ಹಾಗೆ ಮಾಡಿದರೆ ಮಧ್ಯೆ ಖಾಲಿಯಾಗುವುದಿಲ್ಲವೇ? ರಕ್ತದಲ್ಲಿ ನೋಡಿದರೆ 5ರಿಂದ 7 ಗಂಟೆಯಲ್ಲಿ ಅರ್ಧ ಇಳಿದುಹೋಗುತ್ತದೆ, ನಿಜ. ಆದರೆ ಅದು ಕೆಲಸ ಮಾಡುವ ಜಾಗ ರಕ್ತವಲ್ಲ, ಜೀವಕೋಶದ ಒಳಗೆ. ಅಲ್ಲಿ ನಮ್ಮದೇ ಕಿಣ್ವಗಳು ಅದಕ್ಕೆ ಮೂರು ಫಾಸ್ಫೇಟ್ ಅಂಟಿಸಿ ಕೆಲಸಕ್ಕೆ ಸಿದ್ಧ ಮಾಡುತ್ತವೆ. ಆ ಸಿದ್ಧ ರೂಪ ಅಲ್ಲಿ ಎಷ್ಟೋ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗಾಗಿ ದಿನಕ್ಕೊಮ್ಮೆ ಸಾಕು. ಕೆಲಸ ಮುಗಿದ ಮೇಲೆ ಹೆಚ್ಚಿನ ಪಾಲು ಹಾಗೆಯೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ನಮ್ಮ ಸೆಂಟರಿಗೆ ಬರುವ, ಕಿಡ್ನಿ ತೊಂದರೆ ಇರುವ ಒಬ್ಬ ಅಕ್ಕನಿಗೆ ಟೆನೊಫೊವಿರ್ (ಟಿಎಲ್‌ಇ, ಟಿಎಲ್‌ಡಿಯಲ್ಲಿರುವ ‘ಟಿ’) ನಿಲ್ಲಿಸಿ ಅದರ ಬದಲು ಅಬಾಕಾವಿರ್ ಕೊಟ್ಟರು. ಲ್ಯಾಮಿವುಡಿನ್ ತೆಗೆಯಲಿಲ್ಲ, ಪ್ರಮಾಣ ಮಾತ್ರ ಇಳಿಸಿದರು. ಕಿಡ್ನಿ ನಿಧಾನವಾದರೆ ಔಷಧಿ ಮೈಯಲ್ಲಿ ಜಾಸ್ತಿ ನಿಲ್ಲುತ್ತದಲ್ಲ, ಅದಕ್ಕೆ.

ಹಾಗಂತ ಇದು ಬಲಶಾಲಿ ಔಷಧಿ ಅಂದುಕೊಳ್ಳಬೇಡಿ. ಒಂಟಿಯಾಗಿ ಬಿಟ್ಟರೆ ಕೆಲವೇ ವಾರಗಳಲ್ಲಿ ಸೋಲುತ್ತದೆ. ನನಗೆ ಇದು ತಿಳಿದದ್ದು ಒಬ್ಬ ಗೆಳೆಯನಿಂದ. ಸೆಂಟರಿನ ಬೆಂಚಿನ ಮೇಲೆ ಪರಿಚಯವಾದವನು. ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿ, ಅಲ್ಲಿ ಶೆಡ್ಡಿನಲ್ಲಿ ನಾಲ್ಕು ಜನರ ಎದುರು ಡಬ್ಬಿ ತೆಗೆಯಲು ನಾಚಿ, ಆಗೊಮ್ಮೆ ಈಗೊಮ್ಮೆ ನುಂಗುತ್ತಾ ತಿಂಗಳುಗಟ್ಟಲೆ ಕಳೆದ. ವಾಪಸು ಬಂದಾಗ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಏರಿತ್ತು. ಕೌನ್ಸೆಲಿಂಗ್ ಆಯಿತು, ಮತ್ತೆ ಟೆಸ್ಟ್ ಆಯಿತು, ಇಳಿಯಲಿಲ್ಲ. ಕೊನೆಗೆ ತಜ್ಞರ ಸಮಿತಿಗೆ ಕಳಿಸಿ, ಮೊದಲಿನದು ಸೋತ ಮೇಲೆ ಕೊಡುವ ಸೆಕೆಂಡ್ ಲೈನ್ ಮಾತ್ರೆಗೆ ಹಾಕಿದರು. ಹೊರಗೆ ಬಂದು ಚೀಟಿ ತೋರಿಸಿದ. ಅಟಾಜನವಿರ್, ರಿಟೊನವಿರ್. ಅದರ ಪಕ್ಕದಲ್ಲಿ ಮತ್ತೆ ಲ್ಯಾಮಿವುಡಿನ್.

“ಅಣ್ಣಾ, ಇದು ಫೇಲ್ ಆಯ್ತು ಅಂತಲ್ವಾ ಬದಲಾಯಿಸಿದ್ದು? ಮತ್ತೆ ಅದೇ ಯಾಕೆ ಕೊಟ್ರು? ಸ್ಟಾಕ್ ಖಾಲಿ ಮಾಡೋಕಾ?”

ನನಗೂ ಅದೇ ಅನುಮಾನ ಬಂತು. ಒಳಗೆ ಹೋಗಿ ಕೇಳಿದೆವು. ಈ ಹೊತ್ತಿಗೆ ಮೇಷ್ಟ್ರು ಡಾಕ್ಟರು ವರ್ಗವಾಗಿದ್ದರು, ಹೊಸದಾಗಿ ಬಂದ ಡಾಕ್ಟರಮ್ಮ ಇದ್ದರು. ಅವರು ನಗಲಿಲ್ಲ, ಬೈಯಲೂ ಇಲ್ಲ. ವಿವರಿಸಿದರು. ವೈರಸ್ಸಿನ ಆ ಕಿಣ್ವ ಅಮೈನೊ ಆಮ್ಲಗಳ ಒಂದು ಉದ್ದ ಸರ. ಅದರ 184ನೇ ಜಾಗದಲ್ಲಿ ಮೆಥಿಯೊನಿನ್ ಇರುತ್ತದೆ. ಅಲ್ಲಿ ವ್ಯಾಲಿನ್ ಬಂದು ಕೂತರೆ ಸಾಕು, ಲ್ಯಾಮಿವುಡಿನ್ ಒಳಗೆ ಸರಿಯಾಗಿ ಕೂರುವುದಿಲ್ಲ. ಈ ಬದಲಾವಣೆಗೆ ಎಂ184ವಿ ಅಂತ ಹೆಸರು. ಒಂದೇ ಒಂದು ಬದಲಾವಣೆ ಸಾಕಾಗುವುದರಿಂದಲೇ ವೈರಸ್ಸು ಅಷ್ಟು ಬೇಗ ತಪ್ಪಿಸಿಕೊಳ್ಳುತ್ತದೆ.

“ಆದ್ರೆ ತಪ್ಪಿಸಿಕೊಂಡಿದ್ದಕ್ಕೆ ಅದು ಬೆಲೆ ಕಟ್ಟಬೇಕು” ಅಂದರು. ಹಾಗೆ ಬದಲಾದ ಕಿಣ್ವ ನಕಲು ಮಾಡುವುದರಲ್ಲಿ ಮಂದ. ಮೊದಲಿನಷ್ಟು ಚುರುಕಾಗಿ ವೈರಸ್ಸು ಬೆಳೆಯುವುದಿಲ್ಲ. ಅದಕ್ಕಿಂತ ಹೆಚ್ಚಿನ ಲಾಭ ಇನ್ನೊಂದಿದೆ. ಎಂ184ವಿ ಇರುವ ವೈರಸ್ಸಿಗೆ ಟೆನೊಫೊವಿರ್, ಝಿಡೊವುಡಿನ್ ಜಾಸ್ತಿ ನಾಟುತ್ತವೆ. ಲ್ಯಾಮಿವುಡಿನ್ ನಿಲ್ಲಿಸಿದರೆ ಆ ಒತ್ತಡ ಹೋಗುತ್ತದೆ, ಹಳೆಯ ಚುರುಕು ವೈರಸ್ಸು ಮತ್ತೆ ಮೇಲೆ ಬರುತ್ತದೆ. “ಅದಕ್ಕೇ ಸೋತ ಮೇಲೂ ಬಿಡಲ್ಲ. ವೈರಸ್ಸನ್ನ ಕುಂಟಿಸಿಯೇ ಇಡೋಣ ಅಂತ.”

ಗೆಳೆಯನಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ಸ್ಟಾಕ್ ಖಾಲಿ ಮಾಡುವ ಅನುಮಾನ ಮಾತ್ರ ಹೋಯಿತು. ಈಗ ಮಾತ್ರೆ ಬಿಡದೆ ನುಂಗುತ್ತಾನೆ. ವೈರಲ್ ಲೋಡ್ ಇಳಿದಿದೆ. ನನಗೆ ಮಾತ್ರ ಅವತ್ತು ರಾತ್ರಿ ಅದೇ ತಲೆಯಲ್ಲಿ ಸುತ್ತಿತು. ಗೆದ್ದಾಗ ಕೆಲಸಕ್ಕೆ ಬರುವ ಔಷಧಿ ಬೇಕಾದಷ್ಟಿವೆ, ಸೋತ ಮೇಲೂ ಶತ್ರುವಿನ ಕಾಲು ಹಿಡಿದುಕೊಂಡಿರುವುದನ್ನು ನಾನು ಇದೊಂದನ್ನೇ ಕೇಳಿದ್ದು.

ಇದರ ದುಡ್ಡಿನ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಮೊದಲು ನುಂಗಿದ ಎಸ್‌ಎಲ್‌ಎನ್ ಇದೆಯಲ್ಲ, ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್, ಇದೇ ಮೂರನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಅಂತ ಔಷಧಿ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ 2001ರಲ್ಲಿ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಗೆ ಹೇಳಿದ್ದು. ಅದಕ್ಕೂ ಮುಂಚೆ ಪಶ್ಚಿಮದ ದೇಶಗಳಲ್ಲಿ ಮೂರು ಔಷಧಿಗಳ ಚಿಕಿತ್ಸೆಗೆ ವರ್ಷಕ್ಕೆ 10,000 ಡಾಲರ್ ದಾಟುತ್ತಿತ್ತು. ನಮ್ಮ ಸರ್ಕಾರ ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಿಂದ. ಝಿಡೊವುಡಿನ್ ಮತ್ತು ಲ್ಯಾಮಿವುಡಿನ್ ಸೇರಿದ ಮಾತ್ರೆಗೆ ಗ್ಲಾಕ್ಸೋ ಕಂಪನಿ ಇಲ್ಲಿ ಪೇಟೆಂಟ್ ಕೇಳಿತ್ತು. ಎಚ್‌ಐವಿ ಇರುವವರ ಸಂಘಟನೆಗಳೇ 2006ರಲ್ಲಿ ಕೋಲ್ಕತ್ತದ ಪೇಟೆಂಟ್ ಕಚೇರಿಯಲ್ಲಿ ತಕರಾರು ಹಾಕಿದವು, ಅದೇ ವರ್ಷ ಕಂಪನಿ ಅರ್ಜಿ ವಾಪಸು ತೆಗೆದುಕೊಂಡಿತು. ಎರಡು ಹಳೆಯ ಔಷಧಿಯನ್ನು ಒಂದು ಮಾತ್ರೆಯಲ್ಲಿ ಸೇರಿಸಿದ್ದು ಹೊಸ ಆವಿಷ್ಕಾರ ಹೇಗಾಗುತ್ತದೆ ಅನ್ನುವುದು ಅವರ ವಾದ. ಪ್ರಿಂಟಿಂಗ್ ಲೈನಿನಲ್ಲಿ ಇರುವವನಾಗಿ ಹೇಳುತ್ತೇನೆ, ನ್ಯಾಯವಾದ ಪ್ರಶ್ನೆ.

ಟಿಎಲ್‌ಡಿ ಬಂದ ಮೇಲೆ ನಮ್ಮ ಸೆಂಟರಿನ ದಿನಚರಿ ಹಗುರಾಗಿದೆ. ಫಾರ್ಮಸಿ ಕಿಟಕಿಯಲ್ಲಿ ಹಳೆ ಡಬ್ಬಿ ಕೊಡಬೇಕು. ಅವರು ಮಾತ್ರೆಗಳನ್ನು ಪ್ಲಾಸ್ಟಿಕ್ ತಟ್ಟೆಗೆ ಸುರಿದು, ತೇವ ಹೀರುವ ಪುಟ್ಟ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ, ಉಳಿದವನ್ನು ಬೆರಳಲ್ಲಿ ಎರಡೆರಡಾಗಿ ತಳ್ಳುತ್ತಾ ಎಣಿಸುತ್ತಾರೆ. ಲೆಕ್ಕ ಸರಿ ಇದ್ದರೆ ಹೊಸ ಡಬ್ಬಿ. ದೊಡ್ಡ ಬಿಳಿ ಮಾತ್ರೆ. ಅದರಲ್ಲಿ 300 ಟೆನೊಫೊವಿರ್, 300 ಲ್ಯಾಮಿವುಡಿನ್, 50 ಡೊಲುಟೆಗ್ರಾವಿರ್. ಲ್ಯಾಮಿವುಡಿನ್ ಕಣ್ಣು ತಪ್ಪಿಸಿ ವೈರಸ್ಸು ಒಂದು ನಕಲು ಮುಗಿಸಿಬಿಟ್ಟರೂ, ಆ ನಕಲು ನಮ್ಮ ಡಿಎನ್‌ಎ ಒಳಗೆ ಹೋಗಿ ಸೇರದಂತೆ ಡೊಲುಟೆಗ್ರಾವಿರ್ ತಡೆಯುತ್ತದೆ. ಈಗಾಗಲೇ ಸೇರಿ ಮಲಗಿರುವುದನ್ನು ಮೂರರಲ್ಲಿ ಯಾವುದೂ ಹೊರಗೆ ಹಾಕಲಾರದು. ಜೀವನಪೂರ್ತಿ ನುಂಗಬೇಕಾಗಿರುವುದು ಅದಕ್ಕೇ.

ಬದಲಾದ ಹೊಸದರಲ್ಲಿ ನನ್ನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತದ ಲೆಕ್ಕ) ಒಂಚೂರು ಏರಿತು. ಹೆದರಿದೆ. ಡೊಲುಟೆಗ್ರಾವಿರ್ ಕ್ರಿಯಾಟಿನಿನ್ ಹೊರಗೆ ಹೋಗುವ ದಾರಿಯನ್ನು ಸ್ವಲ್ಪ ಬಿಗಿ ಮಾಡುತ್ತದೆ, ಕಿಡ್ನಿಗೆ ಪೆಟ್ಟಾಗಿದೆ ಅಂತಲ್ಲ, ಆದರೂ ಟೆನೊಫೊವಿರ್ ಇರುವುದರಿಂದ ನೋಡುತ್ತಿರೋಣ ಅಂದರು ಡಾಕ್ಟರಮ್ಮ. ಆಮೇಲೆ ಏರಲಿಲ್ಲ. ಗ್ಯಾಸ್ ಮಾತ್ರೆಯ ಬಗ್ಗೆಯೂ ಎಚ್ಚರ ಹೇಳಿದರು. ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವಂಥದ್ದಾದರೆ ಟಿಎಲ್‌ಡಿ ನುಂಗಿ 2 ಗಂಟೆ ಬಿಟ್ಟು ತೆಗೆದುಕೊಳ್ಳಬೇಕು, ಅಥವಾ ಅದನ್ನು ತೆಗೆದುಕೊಂಡು 6 ಗಂಟೆ ಕಳೆದ ಮೇಲೆ ಟಿಎಲ್‌ಡಿ. ಮಿರ್ಚಿ ಮಂಡಕ್ಕಿ ತಿನ್ನುವ ನಮ್ಮ ಕಡೆಯವರಿಗೆ ಇದು ಬಹಳ ಮುಖ್ಯ. ಲ್ಯಾಮಿವುಡಿನ್‌ಗೆ ಇಂಥ ಕಟ್ಟುಪಾಡೇನೂ ಇಲ್ಲ.

ವರ್ಷಕ್ಕೊಮ್ಮೆ ವೈರಲ್ ಲೋಡ್ ನೋಡುತ್ತಾರೆ. ನನ್ನ ಪುಸ್ತಕದಲ್ಲಿ ‘ಟಿಎನ್‌ಡಿ’ ಅಂತ ಬರೆದಿರುತ್ತದೆ, ಟಾರ್ಗೆಟ್ ನಾಟ್ ಡಿಟೆಕ್ಟೆಡ್. ಮಾತ್ರೆ ಬಿಡದೆ ನುಂಗಿ ಹೀಗೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ನನ್ನ ಹೆಂಡತಿ ಇವತ್ತಿಗೂ ನೆಗೆಟಿವ್.

ಲ್ಯಾಮಿವುಡಿನ್ ಬಗ್ಗೆ ಒಂದು ಗಂಭೀರ ಎಚ್ಚರಿಕೆ ಇದೆ. ಅದು ನುಂಗುವುದರ ಬಗ್ಗೆ ಅಲ್ಲ, ನಿಲ್ಲಿಸುವುದರ ಬಗ್ಗೆ. ಈ ಔಷಧಿ ಹೆಪಟೈಟಿಸ್ ಬಿ ವೈರಸ್ಸನ್ನೂ ಅದುಮಿ ಹಿಡಿಯುತ್ತದೆ. ಕಾಮಾಲೆ ತರುವ ಆ ವೈರಸ್ಸೂ ನಕಲು ಮಾಡುವಾಗ ಅದೇ ಥರದ ಕಿಣ್ವ ಬಳಸುತ್ತದೆ. ಟೆನೊಫೊವಿರ್ ಕೂಡ ಅದರ ಮೇಲೆ ಕೆಲಸ ಮಾಡುತ್ತದೆ. ಹಾಗಾಗಿ ಎರಡೂ ಕಾಯಿಲೆ ಇರುವವರು ಟಿಎಲ್‌ಡಿ ನುಂಗುತ್ತಿದ್ದರೆ ಒಂದೇ ಮಾತ್ರೆಯಲ್ಲಿ ಎರಡಕ್ಕೂ ಚಿಕಿತ್ಸೆ ನಡೆಯುತ್ತಿರುತ್ತದೆ. ಯಾರದೋ ಮಾತು ಕೇಳಿ, ನಾಟಿ ಪುಡಿ ನಂಬಿ, ಡಬ್ಬಿ ಮುಚ್ಚಿಟ್ಟರೆ ಎಚ್‌ಐವಿ ಏಳುವುದರ ಜೊತೆಗೆ ಲಿವರ್ ಕೂಡ ಕೈಕೊಡಬಹುದು. ಅದಕ್ಕೇ ಎಚ್‌ಬಿಎಸ್‌ಎಜಿ ಅನ್ನುವ ಟೆಸ್ಟ್ ಮಾಡಿಸಿ ಪುಸ್ತಕದಲ್ಲಿ ಬರೆದಿಡುತ್ತಾರೆ. ನಿಮ್ಮದರಲ್ಲಿ ಆ ಜಾಗ ಖಾಲಿ ಇದ್ದರೆ ಮುಂದಿನ ಸಲ ಹೋದಾಗ ಕೇಳಿ.

ನನ್ನದು ನೆಗೆಟಿವ್. ಅದೇ ಧೈರ್ಯದಲ್ಲಿ ಡಾಕ್ಟರಮ್ಮನಿಗೆ ಇತ್ತೀಚೆಗೆ ಒಂದು ಪ್ರಶ್ನೆ ಹಾಕಿದೆ. ಡೊಲುಟೆಗ್ರಾವಿರ್ ಮತ್ತು ಲ್ಯಾಮಿವುಡಿನ್ ಎರಡೇ ಇರುವ ಮಾತ್ರೆಗೆ 2019ರಲ್ಲಿ ಅಮೆರಿಕಾದಲ್ಲಿ ಒಪ್ಪಿಗೆ ಸಿಕ್ಕಿದೆಯಂತೆ, ನಮಗೂ ಅದೇ ಸಾಕಲ್ವಾ, ಟೆನೊಫೊವಿರ್ ಯಾಕೆ ಅಂತ.

“ಅಲ್ಲೂ ಎಲ್ ಉಳೀತು ನೋಡಿ” ಅಂದರು. ಆ ಎರಡರ ಮಾತ್ರೆ ಹೆಪಟೈಟಿಸ್ ಬಿ ಇರುವವರಿಗೆ ಸಾಲದು, ಲ್ಯಾಮಿವುಡಿನ್‌ಗೆ ಬಗ್ಗದ ವೈರಸ್ಸು ಇರುವವರಿಗೂ ಬರೆಯುವುದಿಲ್ಲ, ನಮ್ಮ ಸೆಂಟರಿನಲ್ಲಿ ಎಲ್ಲರಿಗೂ ಟಿಎಲ್‌ಡಿ ಕೊಟ್ಟರೆ ಆ ಎರಡು ತಲೆನೋವೂ ಇಲ್ಲ ಅಂತ ವಿವರಿಸಿದರು. ನಿಮ್ಮ ಕಿಡ್ನಿ ಚೆನ್ನಾಗಿದೆ, ಈಗ ತೆಗೆಯುವ ಕಾರಣವೇ ಇಲ್ಲ, ಏನಾದರೂ ಏರುಪೇರಾದರೆ ಆಗ ಯೋಚಿಸೋಣ ಅಂದು, ಪುಸ್ತಕದಲ್ಲಿ ಟಿಎಲ್‌ಡಿ ಅಂತಲೇ ಬರೆದು ಫಾರ್ಮಸಿಗೆ ಕಳಿಸಿದರು.